ಪ್ರೂಫ್ ರೀಡರ್ ಶಾಲೆಗೆ ಸೇರಿದ್ದು

ಬೆಳಿಗ್ಗೆ ಎದ್ದ ಪ್ರೂಫಣ್ಣ ಕುರ್ಚಿಯ ಮೇಲೆ ಕೂತು, ಕೂತಲ್ಲಿಂದಲೇ "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಹೆಂಡತಿಯ ಮೇಲೆ ರೇಗಿದ. ಅವಳು ಇಡೀ ಮನೆ ಹುಡುಕಿದಳು. ಕೊನೆಗೆ ಅವನು ಎದ್ದು ನಿಂತ ಮೇಲೆ ಕನ್ನಡಕ ಸಿಕ್ಕಿತು, ಐದಾರು ಚೂರುಗಳಲ್ಲಿ.

ಅವನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಪುಟಪುಟವನ್ನೂ ಓದಿ ತಪ್ಪು ಹಿಡಿಯುವುದು ಅವನ ಕೆಲಸ. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಪ್ರೂಫಣ್ಣ. ಕೆಲಸ ಮುಗಿದ ಮೇಲೂ ಅವನಿಗೆ ಆ ಚಟ ಬಿಡುತ್ತಿರಲಿಲ್ಲ. ಸೋಪಿನ ಪೊಟ್ಟಣ, ಔಷಧಿ ಶೀಸೆ, ಬಸ್ಸಿನ ಟಿಕೆಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ತಪ್ಪು ಹುಡುಕುತ್ತಿದ್ದ. ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿಯೇ ಅಂಗಡಿಗೆ ಹೊರಡುತ್ತಿದ್ದ. ಇಂಥವನಿಗೆ ಕನ್ನಡಕವಿಲ್ಲದಿದ್ದರೆ ಅಕ್ಷರವೆಲ್ಲ ಇರುವೆ ಸಾಲು.

ಒಡೆಯುವುದು ಒಡೆಯಿತು, ಒಡೆಯಬಾರದ ದಿನವೇ ಒಡೆಯಿತು. ಪ್ರೆಸ್ಸಿನ ಹೆಡ್ ಪ್ರೂಫ್ ರೀಡರ್ ನಿವೃತ್ತರಾಗಿದ್ದರು. ಆ ಕುರ್ಚಿಗೆ ಆಸೆಪಟ್ಟವರು ಇಬ್ಬರು, ಪ್ರೂಫಣ್ಣ ಮತ್ತು ಪಕ್ಕದ ಮೇಜಿನವನು. ಮರುದಿನ ಬೆಳಿಗ್ಗೆ ಮಾಲೀಕರು ಇಬ್ಬರಿಂದಲೂ ಒಂದೊಂದು ಪುಟ ಗಟ್ಟಿಯಾಗಿ ಓದಿಸಿ, ಕೇಳಿ, ಒಬ್ಬನನ್ನು ಆರಿಸುವುದೆಂದು ಗೊತ್ತಾಗಿತ್ತು. ಪಕ್ಕದ ಮೇಜಿನವನ ಎದುರು ತಪ್ಪುಗಳು ಮೆರವಣಿಗೆ ಹೊರಟರೂ ಅವನಿಗೆ ಕಾಣುವುದಿಲ್ಲ ಎಂಬುದು ಪ್ರೂಫಣ್ಣನ ಅಭಿಪ್ರಾಯ. ಹಾಗಾಗಿ ತನ್ನ ಗೆಲುವಿನ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಕುರ್ಚಿಗೆ ಒಂದು ದಿಂಬು ಹೊಲಿದುಕೊಡು ಎಂದು ಹೆಂಡತಿಗೆ ಆಗಲೇ ಹೇಳಿಯೂ ಇದ್ದ.

"ಇವತ್ತು ರಜೆ ಇದೆಯಲ್ಲ, ಹೋಗಿ ಗಾಜು ಹಾಕಿಸ್ಕೊಂಡು ಬನ್ನಿ," ಎಂದಳು ಅವಳು.

ಬೀದಿಯ ತುದಿಯಲ್ಲಿದ್ದ ಕನ್ನಡಕದ ಅಂಗಡಿಯ ಬಾಗಿಲು ಹಾಕಿತ್ತು. ಬಾಗಿಲಿಗೊಂದು ರಟ್ಟಿನ ಬೋರ್ಡು ನೇತಾಡುತ್ತಿತ್ತು. ಪ್ರೂಫಣ್ಣ ಮುಂದೆ ಬಾಗಿ ನೋಡಿದ, ಹಿಂದೆ ಸರಿದು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಅಷ್ಟರಲ್ಲಿ ಅವನ ಎದುರುಮನೆಯಾಕೆ ಆ ಕಡೆ ಬಂದಳು. ಪ್ರೂಫಣ್ಣ ಈ ಬೀದಿಗೆ ಬಂದು ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಇಬ್ಬರಿಗೂ ಮುಖಪರಿಚಯ ಅಷ್ಟೇ.

"ಅಮ್ಮಾ, ಇದರಲ್ಲಿ ಏನು ಬರೆದಿದೆ ಸ್ವಲ್ಪ ಓದಿ ಹೇಳ್ತೀರಾ? ನನ್ನ ಕನ್ನಡಕ ಒಡೆದುಹೋಗಿದೆ."

ಎದುರುಮನೆಯಾಕೆಯ ಕಣ್ಣು ಅರಳಿತು.

ಅದಕ್ಕೆ ಕಾರಣವಿತ್ತು. ಬೀದಿಯ ಸಮುದಾಯ ಭವನದಲ್ಲಿ ಪ್ರತಿ ಸಂಜೆ ಓದುಬರಹ ಕಲಿಸುವ ತರಗತಿ ನಡೆಯುತ್ತಿತ್ತು. ಶಾಲೆ ಬಿಟ್ಟ ಮಕ್ಕಳಿಂದ ಹಿಡಿದು ಮೊಮ್ಮಕ್ಕಳನ್ನು ಕಂಡ ಅಜ್ಜಿಯರವರೆಗೆ ಯಾರು ಬೇಕಾದರೂ ಬರಬಹುದಿತ್ತು. ಎದುರುಮನೆಯಾಕೆ ಅಲ್ಲಿ ಹೊಸದಾಗಿ ಸೇರಿದ ಸ್ವಯಂಸೇವಕಿ. ಉಳಿದ ಸ್ವಯಂಸೇವಕರೆಲ್ಲ ತಲಾ ಒಬ್ಬರನ್ನು ಹಿಡಿದು ತಂದಿದ್ದರು. ಈಕೆಗೆ ಮಾತ್ರ ಮನೆಮನೆ ಬಾಗಿಲು ತಟ್ಟಿ ಚಪ್ಪಲಿ ಸವೆದರೂ ಯಾರೂ ಸಿಕ್ಕಿರಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ಮಾತು ಆಕೆಗೆ ಚೆನ್ನಾಗಿ ನೆನಪಿತ್ತು. ಓದಲು ಬಾರದವರು ಬಾರದು ಎಂದು ಎಂದೂ ಹೇಳುವುದಿಲ್ಲ. ಕನ್ನಡಕ ಮರೆತೆ ಎನ್ನುತ್ತಾರೆ, ಕನ್ನಡಕ ಒಡೆಯಿತು ಎನ್ನುತ್ತಾರೆ. ಅವರಿಗೆ ಅವಮಾನ ಮಾಡಬೇಡಿ, ಹೌದು ಹೌದು ಎನ್ನಿ, ಆದರೆ ಕೈಬಿಡಬೇಡಿ.

"ಹೌದು ಹೌದು, ಒಡೆದುಹೋಗಿರುತ್ತೆ," ಎಂದಳು ಆಕೆ ಮೆಲ್ಲಗೆ. "ಅಂಗಡಿ ಮಧ್ಯಾಹ್ನದ ಮೇಲೆ ತೆಗೀತಾರಂತೆ. ಅಣ್ಣಾ, ಇದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ."

"ನಾಚಿಕೆ ಯಾಕಮ್ಮ? ಅದರ ಮೇಲೆ ಕೂತೆ, ಒಡೀತು."

"ಸಂಜೆ ಭವನಕ್ಕೆ ಬನ್ನಿ. ಇನ್ನೆರಡು ತಿಂಗಳಲ್ಲಿ ಇಂಥ ಬೋರ್ಡನ್ನೆಲ್ಲ ನೀವೇ ಓದಿಬಿಡ್ತೀರಿ."

ವಿಷಯ ತಲೆಗೆ ಹೋಗಲು ಪ್ರೂಫಣ್ಣನಿಗೆ ತುಸು ಹೊತ್ತು ಬೇಕಾಯಿತು. ಹೋದ ಮೇಲೆ ಜೋರಾಗಿ ನಕ್ಕುಬಿಟ್ಟ. "ಅಮ್ಮಾ, ನಾನು ಪ್ರೆಸ್ಸಲ್ಲಿ ಕೆಲಸ ಮಾಡೋನು. ಬೆಳಗಾದ್ರೆ ಪುಸ್ತಕದ ಮಧ್ಯಾನೇ ಇರ್ತೀನಿ!"

"ಅಯ್ಯೋ ಪಾಪ," ಎಂದಳು ಆಕೆ. "ದಿನಾ ಪುಸ್ತಕ ನೋಡಿ ನೋಡಿ ಎಷ್ಟು ಆಸೆ ಆಗಿರ್ಬೇಡ!"

ಪ್ರೂಫಣ್ಣನಿಗೆ ರೋಷ ಬಂತು. ಆಕೆಯ ಕೈಯಲ್ಲಿದ್ದ ತರಗತಿಯ ಕರಪತ್ರವನ್ನು ಕಸಿದು, ಇಲ್ಲೇ ಓದಿ ತೋರಿಸುತ್ತೇನೆ ನೋಡಿ ಎಂದು ಕೈ ಚಾಚಿ ಹಿಡಿದ. ಆಕೆ ಅವನಿಗೆ ನೋವಾಗದಂತೆ ಅದನ್ನು ಮೆತ್ತಗೆ ತೆಗೆದುಕೊಂಡು, ತಲೆಕೆಳಗಾಗಿದ್ದುದನ್ನು ನೆಟ್ಟಗೆ ಮಾಡಿ, ಮತ್ತೆ ಅವನ ಕೈಗೆ ಕೊಟ್ಟಳು.

ಗದ್ದಲ ಕೇಳಿ ದಿನಸಿ ಅಂಗಡಿಯವನು ಹೊರಗೆ ಬಂದ. ಕತ್ತರಿ ಹಿಡಿದುಕೊಂಡೇ ಕ್ಷೌರದ ಅಂಗಡಿಯವನೂ ಬಂದ.

"ನನಗೆ ಮೊದಲೇ ಅನುಮಾನ ಇತ್ತು," ಎಂದ ದಿನಸಿಯವನು. "ಒಂದು ಸೋಪು ಕೊಟ್ರೆ ಪೊಟ್ಟಣಾನ ತಿರುಗಿಸಿ ತಿರುಗಿಸಿ ನೋಡ್ತಾರೆ. ಓದೋಕೆ ಬರೋರು ಯಾರಾದ್ರೂ ಸೋಪನ್ನ ಅಷ್ಟು ಹೊತ್ತು ನೋಡ್ತಾರಾ?"

"ನಮ್ಮಲ್ಲಿ ಪೇಪರ್ ಹಿಡ್ಕೊಂಡು ಪುಟಕ್ಕೊಂದು ಸಲ ತಲೆ ಅಲ್ಲಾಡಿಸ್ತಾರೆ," ಎಂದ ಕ್ಷೌರದವನು. "ಏನೂ ಅರ್ಥ ಆಗ್ದೆ ಎಷ್ಟು ಒದ್ದಾಡ್ತಾರೋ ಅಂತ ನನ್ನ ಕರುಳು ಚುರ್ ಅಂತಿತ್ತು."

"ಅದು ತಪ್ಪು ನೋಡಿ ತಲೆ ಅಲ್ಲಾಡಿಸೋದು ಕಣ್ರೀ!"

"ಹೌದು ಹೌದು," ಎಂದರು ಮೂವರೂ ಒಟ್ಟಿಗೆ.

ಪ್ರೂಫಣ್ಣ ತಲೆಯೆತ್ತಿದ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಇತ್ತಲೇ ನೋಡುತ್ತಿದ್ದಳು. "ಏ, ಸ್ವಲ್ಪ ಹೇಳು ಇವರಿಗೆ! ನನಗೆ ಓದೋಕೆ ಬರುತ್ತೋ ಇಲ್ವೋ?"

ಮದುವೆಯಾದಾಗಿನಿಂದ ಬರೆದುಕೊಟ್ಟ ಚೀಟಿಗಳೆಲ್ಲ, ಅವುಗಳ ಮೈಮೇಲಿನ ಕೆಂಪು ಗೀಟುಗಳೆಲ್ಲ ಆ ಹೆಂಗಸಿನ ಕಣ್ಣ ಮುಂದೆ ಹಾದುಹೋದವು. "ಪೇಪರೇನೋ ದಿನಾ ಮುಖದ ಮುಂದೆ ಹಿಡ್ಕೊಂಡಿರ್ತಾರೆ," ಎಂದಳು ಅವಳು ಗಂಭೀರವಾಗಿ. "ಅದರಲ್ಲೇನಿದೆ ಅಂತ ಕೇಳಿದ್ರೆ ಮಾತ್ರ ಏನೂ ಇಲ್ಲ ಅಂತಾರೆ. ಕಲೀಲಿ ಬಿಡಿ, ಒಳ್ಳೇದೇ ಅಲ್ವಾ?" ಅಷ್ಟು ಹೇಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

"ಪಾಪ, ಆಯಮ್ಮ ಅಳ್ತಾ ಹೋದ್ರು," ಎಂದ ಕ್ಷೌರದವನು.

ಮಧ್ಯಾಹ್ನ ಪ್ರೂಫಣ್ಣ ಕನ್ನಡಕದ ಅಂಗಡಿಗೆ ಹೋಗುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಕನ್ನಡಕದವನು ಎದ್ದು ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಹಿಂದುಮುಂದಾಗಿ ತಿರುಗಿಸಿ, "ಇದು ನಿಮಗೆ ಬೇಡ. ಚಿಕ್ಕ ಮಕ್ಕಳಿಗೆ ಅಂತ ಚಿತ್ರದ್ದು ಇಟ್ಟಿದ್ದೀನಿ," ಎಂದ. "ಇದೇನು ಹೇಳಿ?"

"ಬಾತುಕೋಳಿ," ಎಂದ ಪ್ರೂಫಣ್ಣ ಹಲ್ಲು ಕಚ್ಚಿಕೊಂಡು.

"ಶಭಾಷ್! ಇದು?"

"ಛತ್ರಿ. ಸ್ವಾಮಿ, ನನಗೆ ಬೇಗ ಕನ್ನಡಕ ಕೊಡಿ. ನಾಳೆ ಬೆಳಿಗ್ಗೆ ನಾನು ಓದಲೇಬೇಕು."

"ನಾಳೆಗೇ? ಎಷ್ಟು ಉತ್ಸಾಹ ನೋಡಿ!" ಕನ್ನಡಕದವನಿಗೆ ಬಲು ಸಂತೋಷವಾಯಿತು. "ಗಾಜು ಕೂರಿಸೋಕೆ ಸಂಜೆ ಆಗುತ್ತೆ. ಭವನದಲ್ಲಿ ಲೆಕ್ಕ ಹೇಳಿಕೊಡೋನು ನಾನೇ. ಬರ್ತಾ ತಂದು ಅಲ್ಲೇ ನಿಮ್ಮ ಕೈಗೆ ಕೊಡ್ತೀನಿ. ಅಂಗಡೀಲಿ ಕೊಡಲ್ಲ, ಎದುರುಮನೆ ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದೀನಿ."

ಪ್ರೂಫಣ್ಣ ಮನೆಗೆ ಬಂದು ಯೋಚಿಸಿದ. ಯೋಚಿಸಿದಷ್ಟೂ ಅವನಿಗೆ ಧೈರ್ಯ ಬಂತು. ಹೋಗುವುದು, ಕನ್ನಡಕ ಏರಿಸುವುದು, ಅವರ ಪಾಠದ ಪುಸ್ತಕವನ್ನು ಎಲ್ಲರೆದುರು ನೀರು ಕುಡಿದಂತೆ ಓದುವುದು, ಅದರಲ್ಲಿರುವ ತಪ್ಪುಗಳನ್ನೂ ತೋರಿಸಿ ತಲೆಯೆತ್ತಿ ಹೊರಗೆ ಬರುವುದು. ನಾಳೆಯ ಪರೀಕ್ಷೆಗೂ ಅಭ್ಯಾಸವಾದ ಹಾಗಾಯಿತು.

ಭವನದಲ್ಲಿ ಆಗಲೇ ಬೆಂಚುಗಳು ತುಂಬಿದ್ದವು. ಗಾರೆ ಕೆಲಸದವನೊಬ್ಬ ಸಿಮೆಂಟು ಮೆತ್ತಿದ ಬೆರಳಲ್ಲಿ ಬಳಪ ಹಿಡಿದಿದ್ದ. ಅಜ್ಜಿಯೊಬ್ಬಳು ತನ್ನ ಮೊಮ್ಮಗಳ ಸ್ಲೇಟು ನೋಡಿ ನಕಲು ಮಾಡುತ್ತಿದ್ದಳು, ಮೊಮ್ಮಗಳು ಕೈ ಅಡ್ಡ ಹಿಡಿದು ಮುಚ್ಚುತ್ತಿದ್ದಳು. ಎದುರುಮನೆಯಾಕೆ ಪ್ರೂಫಣ್ಣನ ತೋಳು ಹಿಡಿದು ಒಳಗೆ ಕರೆತಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಿವೃತ್ತಿಯ ಮೇಲೂ ಪಾಠ ಬಿಡದ ಟೀಚರಮ್ಮ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಸ್ಲೇಟು, ಪುಸ್ತಕ ಕೊಟ್ಟರು.

ಹೇಳಿದ ಹಾಗೆ ಕನ್ನಡಕದವನು ಬಂದ. ಪ್ರೂಫಣ್ಣ ಕನ್ನಡಕ ಏರಿಸಿಕೊಂಡ. ಇರುವೆಗಳೆಲ್ಲ ಅಕ್ಷರಗಳಾದವು. ಅವನು ಪುಸ್ತಕ ಹಿಡಿದು ಎದ್ದುನಿಂತು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಪ್ರೆಸ್ಸಿನ ಮಾಲೀಕರು ಕಾಣಿಸಿಕೊಂಡರು.

ಪ್ರೂಫಣ್ಣ ದೊಪ್ಪನೆ ಕೂತ. ದೊಡ್ಡ ಮನುಷ್ಯರು, ತರಗತಿಗೆ ಪುಸ್ತಕ ದಾನ ಮಾಡಲು ಬಂದಿರಬೇಕು. ತಮ್ಮ ಪ್ರೂಫ್ ರೀಡರನ್ನು ಇಲ್ಲಿ ನೋಡಿದರೆ ನಾಳೆಯ ಕುರ್ಚಿ ಹೋದಂತೆಯೇ! ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದ. ಹೆಜ್ಜೆಗಳು ಹತ್ತಿರ ಬಂದವು. ಬೆಂಚು ಕಿರ್ ಎಂದಿತು. ಮಾಲೀಕರು ಅವನ ಪಕ್ಕದಲ್ಲೇ ಕೂತು, ಕೈಚೀಲದಿಂದ ಒಂದು ಸ್ಲೇಟು ತೆಗೆದು, ನಾಲಿಗೆಯ ತುದಿ ಹೊರಗಿಟ್ಟು ಬರೆಯತೊಡಗಿದರು.

ಬರೆದದ್ದನ್ನು ಒರಸಲು ಪಕ್ಕಕ್ಕೆ ತಿರುಗಿದಾಗ ಅವರಿಗೆ ಪ್ರೂಫಣ್ಣ ಕಂಡ. ಮಾಲೀಕರ ಮುಖ ಬಿಳಿಚಿಕೊಂಡಿತು. ನಿಧಾನವಾಗಿ ಅವನ ಕೈಯ ಸ್ಲೇಟು, ಮುಂದಿದ್ದ ಪುಸ್ತಕ ನೋಡಿದರು.

"ನೀವೂನಾ?" ಎಂದರು ಪಿಸುಮಾತಿನಲ್ಲಿ.

"ಇಲ್ಲ ಸಾರ್! ನನಗೆ ಓದೋಕೆ ಬರುತ್ತೆ. ಕನ್ನಡಕ ಒಡೆದಿತ್ತು, ಅದಕ್ಕೆ..."

ಮಾಲೀಕರ ಕಣ್ಣು ಒದ್ದೆಯಾಯಿತು. "ನಾನೂ ಹೀಗೇ ಹೇಳ್ಕೊಂಡು ಬಂದೆ. ಯಂತ್ರಕ್ಕೆ ಎಣ್ಣೆ ಬಿಡೋನಾಗಿ ಸೇರಿದೆ, ದುಡಿದು ದುಡಿದು ಪ್ರೆಸ್ಸೇ ಕೊಂಡ್ಕೊಂಡೆ. ಓದೋದು ಮಾತ್ರ ಬರಲಿಲ್ಲ. ಎಲ್ಲರ ಕೈಲೂ ಗಟ್ಟಿಯಾಗಿ ಓದಿಸಿ ಕೇಳ್ತಾ ಬಂದೆ. ನಮ್ಮೋರು ಯಾರೂ ನೋಡಬಾರದು ಅಂತ ಊರಿನ ಈ ತುದೀಗೆ ಬಂದು ಕಲೀತಿದ್ದೀನಿ."

ಪ್ರೂಫಣ್ಣ ಪುಸ್ತಕ ತೆರೆದು ಮೊದಲ ಪಾಠವನ್ನು ಗಡಗಡ ಓದಿದ.

"ಬಾಯಿಪಾಠ ಚೆನ್ನಾಗಿ ಮಾಡಿದ್ದೀರಿ," ಎಂದರು ಮಾಲೀಕರು ಮೆಚ್ಚುಗೆಯಿಂದ. "ನಾನೂ ಅಷ್ಟೇ. ಹಾಳೆ ಕೈಲಿ ಹಿಡ್ಕೊಂಡೇ ಭಾಷಣ ಮಾಡೋದು."

ಟೀಚರಮ್ಮ ಹತ್ತಿರ ಬಂದರು. "ಏನದು ಗುಸುಗುಸು? ಓದೋಕೆ ಬರುತ್ತೆ ಅಂತಾರಾ? ತಗೊಳ್ಳಿ, ಇದು ಇವತ್ತಿನ ಪೇಪರು. ಇದನ್ನ ಯಾರೂ ಬಾಯಿಪಾಠ ಮಾಡಿರೋಕೆ ಸಾಧ್ಯ ಇಲ್ಲ. ಓದಿ ನೋಡೋಣ."

ಇದಕ್ಕಾಗಿಯೇ ಕಾದಿದ್ದ ಪ್ರೂಫಣ್ಣ ಪೇಪರನ್ನು ಎಳೆದುಕೊಂಡ. ಅಕ್ಷರಗಳು ಕನ್ನಡಿಯಷ್ಟು ಸ್ಪಷ್ಟವಾಗಿದ್ದವು. ಎರಡನೇ ಸಾಲಿನಲ್ಲೇ ಒಂದು ತಪ್ಪೂ ಕಂಡಿತು. ಬಾಯಿ ತೆರೆಯುವ ಮುಂಚೆ ಒಮ್ಮೆ ಪಕ್ಕಕ್ಕೆ ನೋಡಿದ. ಮಾಲೀಕರು ಸದ್ದಿಲ್ಲದೆ ತಮ್ಮ ಸ್ಲೇಟನ್ನು ಚೀಲಕ್ಕೆ ಸೇರಿಸುತ್ತಿದ್ದರು. ಇಡೀ ಪ್ರೆಸ್ಸನ್ನು ಗುಡುಗಿ ನಡುಗಿಸುವ ಮನುಷ್ಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಕುಗ್ಗಿಹೋಗಿದ್ದರು. ಈಗ ತಾನು ಓದಿದರೆ ಇವರು ಎದ್ದು ಹೋಗುತ್ತಾರೆ, ಇನ್ನೆಂದೂ ಈ ಬಾಗಿಲಿಗೆ ಬರುವುದಿಲ್ಲ ಎಂದು ಪ್ರೂಫಣ್ಣನಿಗೆ ಖಚಿತವಾಗಿ ಗೊತ್ತಾಯಿತು. ಅವನಿಗೆ ತುಂಬ ಸಂಕಟವಾಯಿತು.

"ಸ... ರ..." ಎಂದ. ಅಲ್ಲಿಗೆ ನಿಲ್ಲಿಸಿ, ಕತ್ತು ಬಗ್ಗಿಸಿ, "ಮುಂದೆ ಬರಲ್ಲ ಟೀಚರ್," ಎಂದ.

ಮಾಲೀಕರು ಚೀಲದಿಂದ ಸ್ಲೇಟನ್ನು ಮತ್ತೆ ಹೊರತೆಗೆದರು. ಹಿಂದೆ ನಿಂತಿದ್ದ ಎದುರುಮನೆಯಾಕೆ, "ಒಪ್ಕೊಂಡ್ರು, ಒಪ್ಕೊಂಡುಬಿಟ್ರು!" ಎಂದು ಕಣ್ಣೊರಸಿಕೊಂಡಳು.

"ನಮ್ಮ ಪುಸ್ತಕಗಳಲ್ಲಿ ತಪ್ಪು ಜಾಸ್ತಿ ಅಂತ ಜನ ಯಾಕೆ ಬೈತಾರೆ ಅಂತ ಈಗ ಗೊತ್ತಾಯ್ತು," ಎಂದರು ಮಾಲೀಕರು ಅವನ ಬೆನ್ನು ಸವರಿ. "ಇರಲಿ ಬಿಡಿ, ನನಗೆ ಬೇಜಾರಿಲ್ಲ. ನಾಳೆ ನಿಮ್ಮನ್ನೇ ಹೆಡ್ ಮಾಡೋದು ಅಂತ ಮನಸ್ಸಲ್ಲಿತ್ತು. ಎಂಥ ಹಿಂಸೆ ಕೊಡ್ತಿದ್ದೆ ನಿಮಗೆ! ಆ ಕುರ್ಚಿ ಪಕ್ಕದ ಮೇಜಿನವನಿಗೇ ಇರಲಿ. ನೀವು ನಾಳೆಯಿಂದ ಬೈಂಡಿಂಗ್‌ಗೆ ಹೋಗಿ. ಅಂಟು ಹಚ್ಚೋದು, ಹೊಲಿಯೋದು, ಅಷ್ಟೇ. ಒಂದಕ್ಷರ ಓದೋ ತಾಪತ್ರಯ ಇಲ್ಲ."

ಪ್ರೂಫಣ್ಣ ಪೇಪರನ್ನು ಮಡಚಿಟ್ಟ. "ಎಲ್ಲಿವರೆಗೆ ಸಾರ್?"

"ಜೊತೆಗೇ ಕಲಿಯೋಣ. ನಾವಿಬ್ಬರೂ ಈ ಪುಸ್ತಕ ಮುಗಿಸಿದ ದಿನ ನಿಮ್ಮ ಮೇಜು ನಿಮಗೆ. ನನ್ನ ಬಿಟ್ಟು ಮಾತ್ರ ಮುಂದೆ ಹೋಗ್ಬೇಡಿ."

"ನೀವು ಇದನ್ನ ಶುರು ಮಾಡಿ ಎಷ್ಟು ದಿನ ಆಯ್ತು?"

"ಇದು ಮೂರನೇ ವರ್ಷ," ಎಂದರು ಮಾಲೀಕರು ಹೆಮ್ಮೆಯಿಂದ. "ಎಲ್ಲಿ, ನಿಮ್ಮ ಕೈ ಕೊಡಿ. ಅವಸರ ಮಾಡಬಾರದು, ನಾನು ತೋರಿಸ್ತೀನಿ."

ಅವರು ಪ್ರೂಫಣ್ಣನ ಬೆರಳು ಹಿಡಿದು ಸ್ಲೇಟಿನ ಮೇಲೆ ಅ ಬರೆಸಿದರು. ಅದರ ಸುರುಳಿ ಎಡಕ್ಕೆ ಹೋಗಬೇಕಾದ ಕಡೆ ಬಲಕ್ಕೆ ಹೋಯಿತು, ಬಾಲ ಇರಬೇಕಾದ ಕಡೆ ಇರಲಿಲ್ಲ. ಪ್ರೂಫಣ್ಣ ಅದನ್ನು ನೋಡಿದ, ಮಾಲೀಕರ ಮುಖ ನೋಡಿದ, ಅದರಂತೆಯೇ ಇನ್ನೊಂದು ಬರೆದ.