ಗಿರಣಿ ಅತ್ತಿಯ ಅಮೆರಿಕನ್ ಫುಟ್‌ಬಾಲು

ಅಮೆರಿಕದವರು ಬಿಸಿಲು ಬಿಟ್ಟು ಸೂರಿನ ಕೆಳಗೆ ಆಡುವ ಫುಟ್‌ಬಾಲಿನ ಬಗ್ಗೆ ಸಿಂದಗಿಯಲ್ಲಿ ಎದೆ ತಟ್ಟಿ ಮಾತಾಡಬಲ್ಲ ಜೀವ ಒಂದೇ ಇತ್ತು: ನಮ್ಮ ಅತ್ತಿ, ಅಂದರೆ ನಮ್ಮಪ್ಪನ ಅಕ್ಕ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಸೇರಿಸಿಕೊಂಡರೂ ಲೆಕ್ಕ ಬದಲಾಗುವುದಿಲ್ಲ. ಅನುಮಾನವಿದ್ದವರು ಹೋಗಿ ವಿಚಾರಿಸಿಕೊಂಡು ಬರಬಹುದು. ನಾನಂತೂ ಒಂದಕ್ಷರವನ್ನೂ ಹಿಂದೆ ತೆಗೆದುಕೊಳ್ಳುವವಳಲ್ಲ!

ಅತ್ತಿಗೆ ಹಿಟ್ಟಿನ ಗಿರಣಿಯಿತ್ತು. ನಾನು ನಮ್ಮೂರು ಯಂಕಂಚಿಯಿಂದ ಬಂದು ಆಕೆಯ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ತೊಂಬತ್ತರ ದಶಕದ ಕೊನೆ. ಓಣಿಗೆ ಆಗಷ್ಟೇ ಕೇಬಲ್ ಬಂದಿತ್ತು. ಒಂದು ರವಿವಾರ ಮಧ್ಯಾಹ್ನ ಸಿನಿಮಾ ಹುಡುಕುತ್ತ ರಿಮೋಟ್ ಒತ್ತುತ್ತಿದ್ದ ಅತ್ತಿಯ ಬೆರಳು ಒಂದು ಚಾನೆಲ್ಲಿನಲ್ಲಿ ನಿಂತುಬಿಟ್ಟಿತು. ಸುತ್ತಲೂ ಗಾದಿ ಹೊದಿಸಿದ ಗೋಡೆ. ನಡುವೆ ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬಿನಂಥದ್ದು ಕಟ್ಟಿಕೊಂಡ ದಾಂಡಿಗರು ಒಂದು ಉದ್ದನೆಯ ಚೆಂಡಿಗಾಗಿ ಬಡಿದಾಡುತ್ತಿದ್ದರು. ಹಸಿರು ಅಂಗಿಯವನೊಬ್ಬನನ್ನು ಇಬ್ಬರು ಸೇರಿ ಗೋಡೆಗೆ ಅಪ್ಪಳಿಸಿದರು. ಅವನು ಗೋಡೆಯಾಚೆ ಕುಳಿತವರ ತೊಡೆಯ ಮೇಲೆ ಹೋಗಿ ಬಿದ್ದ. ಎದ್ದ. ಮೈ ಕೊಡವಿಕೊಂಡು ಮತ್ತೆ ಆಟಕ್ಕೆ ಬಂದ.

"ಎದ್ದಾ ನೋಡು! ಭಲೇ ಮಗನ!" ಎಂದಳು ಅತ್ತಿ.

ಅಂದಿನಿಂದ ರವಿವಾರ ಮಧ್ಯಾಹ್ನ ಗಿರಣಿ ಬಂದ್. ಜೋಳದ ಬುಟ್ಟಿ ಹೊತ್ತು ಬಂದವರು ಕಟ್ಟೆಯ ಮೇಲೆ ಕಾಯಬೇಕು, ಇಲ್ಲವೇ ಒಳಗೆ ಬಂದು ಫುಟ್‌ಬಾಲು ನೋಡಬೇಕು. ಸಿನಿಮಾ ನೋಡಲು ಬಂದ ನೆರೆಮನೆಯವರಿಗೂ ಅದೇ ಕಾನೂನು. "ಇದರಾಗ ಹಾಡಿಲ್ಲೇನವಾ?" ಎಂದು ಒಬ್ಬಾಕೆ ಕೇಳಿದ್ದಕ್ಕೆ ಅತ್ತಿ, "ಹೊಡದಾಟ ಐತಲ್ಲ, ಸಾಲಂಗಿಲ್ಲೇನು?" ಅಂದಳು.

ಬಿ.ಎ. ಓದುವವಳಾದ್ದರಿಂದ ಇಂಗ್ಲಿಷ್ ಅರ್ಥ ಹೇಳುವ ಕೆಲಸ ನನ್ನ ತಲೆಗೆ ಬಂತು. ಆಟದ ವಿವರಣೆ ಕೊಡುವವನು ಉಸಿರು ಬಿಡದೆ ಮಾತಾಡುತ್ತಿದ್ದ.

"ಏನ್ ಅನ್ನಾಕತ್ತಾನವಾ?"

"ಆಟ ಭಾಳ ಜೋರ್ ಐತಿ ಅನ್ನಾಕತ್ತಾನ."

"ಅಷ್ಟುದ್ದ ಮಾತಾಡಿದ್ನಲ್ಲ?"

"ಎರಡು ಸಲ ಅಂದ, ಅತ್ತಿ."

ಆದರೆ ಪರದೆಯ ಮೇಲಿನ ಅಂಕಿ ಓದಲು ಇಂಗ್ಲಿಷ್ ಯಾಕೆ ಬೇಕು? ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ ಎಂಬುದನ್ನು ನಾನೇ ಪತ್ತೆ ಹಚ್ಚಿ ಹೇಳಿದೆ. ಚೆಂಡು ಹಿಡಿದು ಓಡಿದವನೇ ಆಮೇಲೆ ಎದುರಿನವರನ್ನು ತಡೆಯಲೂ ನಿಲ್ಲಬೇಕು ಎಂದು ಅತ್ತಿ ಕಂಡುಹಿಡಿದಳು. "ಅಡಗಿ ಮಾಡೂದೂ ಅವ್ರ, ಮುಸುರಿ ತಿಕ್ಕೂದೂ ಅವ್ರ! ಇದು ನಮ್ಮ ಹೆಣ್ಮಕ್ಕಳ ಆಟ ಐತಿ ಬಿಡು."

ಆ ಆಟದಲ್ಲಿ ಇನ್ನೊಂದು ರೂಢಿ. ಚೆಂಡು ಪ್ರೇಕ್ಷಕರ ಮಧ್ಯೆ ಬಿದ್ದರೆ ಅದು ಹಿಡಿದವರದೇ! ಮರುದಿನವೇ ಓಣಿಯ ಹುಡುಗರ ಚೆಂಡು ನಮ್ಮ ಅಂಗಳಕ್ಕೆ ಬಿತ್ತು.

"ದೊಡ್ಡವ್ವಾ, ಚೆಂಡ್ ಕೊಡ್ರಿ."

"ಮಂದ್ಯಾಗ ಬಿದ್ದ ಚೆಂಡು ಮಂದೀದು. ಅಮೆರಿಕಾದಾಗ ಹಂಗ ಐತಿ."

"ನಾವು ಕ್ರಿಕೆಟ್ ಆಡಾಕತ್ತೇವ್ರಿ!"

"ಆಡ್ರಿ, ಯಾರು ಬ್ಯಾಡಂದ್ರು?"

ಆ ತಿಂಗಳು ನಮ್ಮ ಓಣಿಯ ಕ್ರಿಕೆಟ್ಟು ಪಕ್ಕದ ಓಣಿಗೆ ವಲಸೆ ಹೋಯಿತು.

ಇಷ್ಟೆಲ್ಲ ಮಾಡಿ ಅತ್ತಿ ಕಟ್ಟಿಕೊಂಡದ್ದು ಎಂಥವರನ್ನು? ಹಸಿರು ಅಂಗಿಯವರನ್ನು! ಅವರೋ ವಾರ ವಾರವೂ ತಪ್ಪದೆ ಸೋಲುತ್ತಿದ್ದರು. ಕೇಬಲ್ಲಿನ ಮೆಹಬೂಬನಿಗೇ ಕನಿಕರ ಬಂತು. "ಅಕ್ಕಾರ, ನೀಲಿ ಅಂಗ್ಯಾವ್ರನ್ನ ಹಿಡೀರಿ. ಛಲೋ ಆಡ್ತಾರ."

"ಗೆಲ್ಲೋರ ಹಿಂದ ಊರ ಐತಿ. ಅವ್ರಿಗಿ ನಾ ಯಾಕ ಬೇಕೋ ಮೆಹಬೂಬಾ?"

ಈಗ ನನ್ನ ವಿಷಯ. ಲಗ್ನಪತ್ರಿಕೆಯಲ್ಲೂ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚು ಹಾಕಿಸಿದವಳು ನಾನು. ನಮ್ಮ ಮನೆತನದಲ್ಲಿ ಆ ಎರಡಕ್ಷರ ಮೊದಲು ಬಂದದ್ದು ನನಗೇ, ನಗುವವರು ನಗಲಿ. ಆದರೆ ಆ ವರ್ಷ ಅವು ಕೈ ತಪ್ಪುವುದರಲ್ಲಿದ್ದವು. ಎರಡನೇ ವರ್ಷದ ಇಂಗ್ಲಿಷಿನಲ್ಲಿ ನಾನು ಫೇಲಾದೆ. ನಾನು ಹೇಳುತ್ತಿದ್ದ ಅರ್ಥ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನು? ಸುದ್ದಿ ಯಂಕಂಚಿಗೆ ಮುಟ್ಟಿತು. ಹಸಿರು ಅಂಗಿಯವರ ಕೊನೆಯ ಆಟದ ದಿನವೇ ಅಪ್ಪ ಬಂದು ಬಾಗಿಲಲ್ಲಿ ನಿಂತ.

"ಅರಿವಿ ಕಟ್ಕೋ. ಸಾಲಿ ಸಾಕು. ಇಂಡಿ ಊರಾಗ ಗಂಡು ನೋಡೇವಿ."

ನಾನು ಅತ್ತಿಯ ಮುಖ ನೋಡಿದೆ. ಅತ್ತಿ ಟಿವಿ ನೋಡುತ್ತಿದ್ದಳು.

"ಕುಂಡ್ರು ತಮ್ಮಾ. ಕಡೀ ಆಟ ಐತಿ."

ಅಪ್ಪ ಕುಳಿತ. "ಯಾರು ಗೆಲ್ಲಾಕತ್ತಾರ?"

"ನಮ್ಮವ್ರು ಸೋಲಾಕತ್ತಾರ."

"ಸೋಲೂದು ನೋಡಾಕ ಗಿರಣಿ ಬಂದ್ ಮಾಡಿ ಕುಂತೀಯೇನಕ್ಕಾ?"

ಅಷ್ಟರಲ್ಲಿ ಹಸಿರು ಅಂಗಿಯವನೊಬ್ಬ ಚೆಂಡು ಸಮೇತ ನೆಲಕ್ಕೆ ಬಿದ್ದ. "ಮುಗೀತಲ್ಲ," ಎಂದ ಅಪ್ಪ.

"ಎಲ್ಲಿ ಮುಗೀತು? ಇದು ಒಂದನೇ ಸಲ. ಇನ್ನಾ ಮೂರು ಸಲ ಐತಿ. ಬೀಳಲಿ, ಏಳಲಿ, ಹತ್ತು ಗಜ ಹೋಗಲಿ. ಹೋದಾ ಅಂದ್ರ ಮತ್ತ ನಾಕು ಸಲ ಕೊಡ್ತಾರ. ಈ ಹುಡುಗೀದೂ ಒಂದ ಸಲ ಆಗೇತಿ."

ಅಪ್ಪ ನಕ್ಕ. "ಆಟ ಬ್ಯಾರೆ, ಸಂಸಾರ ಬ್ಯಾರೆ ಅಕ್ಕಾ. ಹೆಣ್ಣ ಹುಡುಗೀಗಿ ನಾಕ್ ನಾಕ್ ಸಲ ಯಾರು ಕೊಡ್ತಾರ?"

ಅತ್ತಿ ಜಗಳಕ್ಕೆ ಬೀಳುತ್ತಾಳೆ ಅಂದುಕೊಂಡೆ. ಬೀಳಲಿಲ್ಲ.

"ನನಗ ಒಂದ್ ಸಲಾನೂ ಕೊಡಲಿಲ್ಲ ತಮ್ಮಾ. ನಿನ್ನ ಎತ್ಕೊಳ್ಳಾಕ ಮನ್ಯಾಗ ಯಾರೂ ಇಲ್ಲಂತ ನನ್ನ ಸಾಲಿ ಬಿಡಿಸಿದ್ರು. ಮುಂದ ನೀ ಸಾಲಿಗಿ ಹೋಗೂಮುಂದ ನಿನ್ನ ಪಾಟಿಚೀಲ ಹಿಡಕೊಂಡು ಬಾಗಿಲತನಾ ಬರ್ತಿದ್ದೆ. ಒಳಗ ಬಾ ಅಂತ ಯಾರೂ ಅನ್ನಲಿಲ್ಲ."

ಅಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ಕುಳಿತ. ಆಮೇಲೆ, ನನ್ನನ್ನಲ್ಲ, ಆಕೆಯನ್ನು ಕೇಳಿದ: "ಅಕ್ಕಾ, ಇಂಗ್ಲಿಷಿಂದು ಪರೀಕ್ಷಾ ಮತ್ತ ಯಾವಾಗ ಐತಿ?"

"ಸುಮ್ನ ಕುಂಡ್ರು. ಆಟ ನಡದೈತಿ," ಎಂದಳು ಅತ್ತಿ, ಟಿವಿಯಿಂದ ಕಣ್ಣು ಕೀಳದೆ.

ಟಿವಿಯಲ್ಲಿ ಸಾಬೂನಿನ ಜಾಹೀರಾತು ಬರುತ್ತಿತ್ತು.