ಮೂರು ಬೋರ್ಡು, ಒಂದು ಲೈಸೆನ್ಸು

ವಾರ್ನಾಂಬೂಲ್ ಎಂಬ ಊರಿನ ಮರ್ವಿನ್ ತನ್ನ ಮಾಂಸದಂಗಡಿ ಮಾರಿ ಬಂದ ಐದು ಲಕ್ಷ ಡಾಲರನ್ನು ಡ್ರೈಸ್‌ಡೇಲ್ ಬ್ಯಾಂಕಿನಲ್ಲಿಟ್ಟು ಇನ್ನೂ ವಾರವಾಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಡೆಸ್ಮಂಡ್ ಬೇಲಿಯ ಮೇಲೆ ಗದ್ದವೂರಿ ನಿಂತ.

"ಅಂಗಡಿ ದುಡ್ಡೆಲ್ಲ ಒಂದೇ ಕಡೆ ಇಟ್ಟಿದ್ದೀಯೇನೋ?"

"ಹೂಂ. ಯಾಕೆ?"

"ಏನಿಲ್ಲಪ್ಪ. ಬ್ಯಾಂಕು ಮುಳುಗಿದ್ರೆ ಸರ್ಕಾರ ತಲೆಗೆ ಎರಡೂವರೆ ಲಕ್ಷ ಮಾತ್ರ ಕೊಡೋದು. ಮಿಕ್ಕಿದ್ದು ಸಮುದ್ರದ ಪಾಲು. ನಂಗೇನು, ದುಡ್ಡು ನಿಂದು."

ಅಷ್ಟು ಹೇಳಿ ಡೆಸ್ಮಂಡ್ ಗುಲಾಬಿಗೆ ನೀರು ಬಿಡಲು ಹೋದ. ಮರ್ವಿನ್‌ಗೆ ಬಾಯಲ್ಲಿದ್ದ ಟೋಸ್ಟು ರಟ್ಟು ಜಗಿದ ಹಾಗಾಯಿತು.

ಬಾಗಿಲು ತೆರೆಯುವ ಹೊತ್ತಿಗೇ ಬ್ಯಾಂಕಿಗೆ ಹೋಗಿ ಅರ್ಧ ಹಣ ಬಿಡಿಸಿ, ರಸ್ತೆಯಾಚೆಯ ಬ್ಲೂ ರೆನ್ ಬ್ಯಾಂಕಿಗೆ ಹಾಕಿದ. ಅಲ್ಲಿನ ಗೋಡೆ ನೀಲಿ, ಕುರ್ಚಿ ನೀಲಿ, ಮ್ಯಾನೇಜರನ ಟೈ ಕೂಡ ನೀಲಿ. ಇದು ಬೇರೆಯೇ ಬ್ಯಾಂಕು ಎನ್ನುವುದಕ್ಕೆ ಇನ್ನೇನು ಬೇಕು? ಸಿಳ್ಳೆ ಹಾಕುತ್ತ ಮನೆಗೆ ಬಂದ.

ಡೆಸ್ಮಂಡ್ ಬೇಲಿಯಲ್ಲೇ ಇದ್ದ. ಸುದ್ದಿ ಕೇಳಿ ಹಲ್ಲಿಯಂತೆ ಲೊಚಗುಟ್ಟಿದ.

"ಅಯ್ಯೋ ಮಾರಾಯ, ಅವೆರಡೂ ಒಂದೇ ಲೈಸೆನ್ಸಿನವು. ಬೋರ್ಡು ಬೇರೆ, ಬೊಕ್ಕಸ ಒಂದೇ. ಎರಡೂ ಕಡೆ ಸೇರಿಸಿ ನಿಂಗೆ ಸಿಗೋದು ಅದೇ ಎರಡೂವರೆ."

"ಬೆಳಿಗ್ಗೇನೇ ಹೇಳೋಕಾಗ್ತಿರ್ಲಿಲ್ವಾ?"

"ನೀನು ಕೇಳ್ದೇನೇ ಓಡಿದೆ."

ಮರ್ವಿನ್ ಮತ್ತೆ ಓಡಿದ. ನೀಲಿ ಬ್ಯಾಂಕಿನಿಂದ ಹಣ ಬಿಡಿಸಿ, ಊರಿನ ಆ ತುದಿಯ ಶೆಪರ್ಡ್ಸ್ ಬ್ಯಾಂಕಿಗೆ ಹಾಕಿದ. ಬಾಗಿಲಲ್ಲಿ ಕುರಿಯ ಚಿತ್ರ, ಒಳಗೆ ಉಣ್ಣೆಯ ವಾಸನೆ. ಯಾವುದಕ್ಕೂ ಇರಲಿ ಎಂದು ಕೌಂಟರಿನ ಹುಡುಗಿ ಪ್ರಿಯಾನೆಯನ್ನು, ಇದು ಆ ಎರಡು ಬ್ಯಾಂಕಿಗೆ ಸೇರಿದ್ದಲ್ಲ ತಾನೇ ಎಂದು ಕೇಳಿದ. ಕೇಳಿದ್ದು ಹಣ ಹಾಕಿಯಾದ ಮೇಲೆ.

"ಮೂರೂ ನಮ್ಮವೇ ಸರ್. ಲೈಸೆನ್ಸ್ ಒಂದೇ."

"ಮತ್ತೆ ಮೂರು ಬೋರ್ಡು ಯಾಕಮ್ಮ?"

"ಜನಕ್ಕೆ ಆಯ್ಕೆ ಇರಲಿ ಅಂತ ಸರ್."

ಊರಿನಲ್ಲಿ ಬೇರೆ ಬ್ಯಾಂಕುಗಳೇ ಉಳಿದಿರಲಿಲ್ಲ. ಎಲ್ಲ ಫೋನಿನೊಳಗೆ ಹೊಕ್ಕಿದ್ದವು. ಫೋನಿಗೆ ದುಡ್ಡು ಕೊಡುವಷ್ಟು ಮರ್ವಿನ್ ಇನ್ನೂ ಕೆಟ್ಟಿರಲಿಲ್ಲ. ಅವನ ಮುಖ ನೋಡಿ ಪ್ರಿಯಾನೆಗೆ ಕನಿಕರ ಬಂತು.

"ಲೆಕ್ಕ ತಲೆಗೆ ಇಷ್ಟು ಅಂತ ಅಲ್ವಾ ಸರ್? ಈ ಅರ್ಧ ನಿಮ್ಮ ಹೆಂಡತಿ ಹೆಸರಿಗೆ ಮಾಡಿಬಿಡಿ. ಒಂದೇ ಲೈಸೆನ್ಸ್ ಆದ್ರೂ ಇಬ್ಬರದೂ ಪೂರ್ತಿ ಭದ್ರ."

ಮರ್ವಿನ್ ಪೆನ್ನು ಕೆಳಗಿಟ್ಟ. ಅಂಗಡಿ ನಿಜವಾಗಿ ಎಷ್ಟಕ್ಕೆ ಹೋಯಿತೆಂದು ಥೆಲ್ಮಾಳಿಗೆ ಅವನು ಹೇಳಿರಲಿಲ್ಲ. ಹೇಳಿದರೆ ಹೊಸ ಅಡುಗೆಮನೆ ಬರುತ್ತಿತ್ತು, ಅವನು ಕನಸಿನಲ್ಲಿ ಕಾಣುತ್ತಿದ್ದ ಮೀನಿನ ದೋಣಿ ಬರುತ್ತಿರಲಿಲ್ಲ. ಆದರೆ ಶನಿವಾರ, ಭಾನುವಾರ ಬ್ಯಾಂಕು ಮುಚ್ಚಿರುತ್ತದೆ. ಮುಳುಗುವ ಬ್ಯಾಂಕು ಅದೇ ಸಮಯ ಸಾಧಿಸಿದರೆ? ಕೊನೆಗೆ ಹೆಂಡತಿಗೆ ಫೋನು ಮಾಡಿದ.

ಥೆಲ್ಮಾ ಬಂದಳು. ಮೊತ್ತ ಕೇಳಿದಳು. ಗಂಡನನ್ನು ಒಮ್ಮೆ ನಿಧಾನವಾಗಿ ನೋಡಿದಳು. ಸಹಿ ಹಾಕೆಂದ ಕಡೆ ಸಹಿ ಹಾಕಿದಳು. ಇಷ್ಟು ಸುಲಭವೆಂದು ಗೊತ್ತಿದ್ದರೆ ಬೆಳಿಗ್ಗೆಯೇ ಕರೆಯಬಹುದಿತ್ತು ಎಂದುಕೊಂಡ ಮರ್ವಿನ್.

ಹಣ ಅವಳ ಹೆಸರಿಗೆ ಹೋದ ಮೇಲೆ ಪ್ರಿಯಾನೆ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಮೇಡಂ, ಒಂದು ತೊಂದರೆ. ಬ್ಲೂ ರೆನ್ ಖಾತೆಯಲ್ಲಿ ನಿಮ್ಮದು ಆಗಲೇ ಎರಡೂವರೆ ಲಕ್ಷದ ಹತ್ತಿರ ಇದೆ. ಇದೂ ಸೇರಿದ್ರೆ ಈ ಅರ್ಧಕ್ಕೆ ಭದ್ರತೆ ಸಿಗಲ್ಲ."

ಮರ್ವಿನ್ ಹೆಂಡತಿಯತ್ತ ತಿರುಗಿದ. "ನಿಂದಾ? ಎಲ್ಲಿಂದ ಬಂತೇ?"

"ಮದುವೆ ಕೇಕಿಂದ," ಎಂದಳು ಥೆಲ್ಮಾ. "ಮೂವತ್ತು ವರ್ಷದಿಂದ ಊರಿನ ಮದುವೆಗಳಿಗೆಲ್ಲ ಬಿಟ್ಟಿ ಮಾಡಿಕೊಟ್ಟೆ ಅಂದ್ಕೊಂಡಿದ್ಯಾ?"

ಪ್ರಿಯಾನೆ ಇಬ್ಬರ ನಡುವೆ ಮೆಲ್ಲಗೆ ನುಸುಳಿದಳು. "ಬೇಕಾದ್ರೆ ವಾಪಸ್ ಸರ್ ಹೆಸರಿಗೇ ಹಾಕ್ತೀನಿ ಮೇಡಂ. ಅಲ್ಲೂ ಭದ್ರ ಇಲ್ಲ, ಇಲ್ಲೂ ಇಲ್ಲ. ಎರಡೂ ಒಂದೇ."

"ಬೇಡಮ್ಮ, ನನ್ನ ಹೆಸರಲ್ಲೇ ಇರಲಿ," ಎಂದು ಥೆಲ್ಮಾ ಕೈಚೀಲದ ಜಿಪ್ಪು ಎಳೆದಳು. "ಸರ್ಕಾರ ಕಾಯದಿದ್ರೆ ಏನಂತೆ, ನಾನು ಕಾಯ್ತೀನಿ."

ಬೆಳಗಿನಿಂದ ಕಾಡುತ್ತಿದ್ದ ಬ್ಯಾಂಕು ಮುಳುಗುವ ಭಯ ಮರ್ವಿನ್‌ನನ್ನು ಆ ಗಳಿಗೆಯಲ್ಲಿ ಪೂರ್ತಿಯಾಗಿ ಬಿಟ್ಟು ಹೋಯಿತು. ಈಗ ಅದು ಮುಳುಗಿದರೂ ಅವನು ಕಳೆದುಕೊಳ್ಳುವುದೇನೂ ಇರಲಿಲ್ಲ; ಭದ್ರವಿಲ್ಲದ ಅರ್ಧ ಆಗಲೇ ಕೈಬಿಟ್ಟಿತ್ತು.