ನೂರಾ ಹನ್ನೆರಡನೆಯ ಪುಟದ ಕರ್ತೃಗಳಿಗೆ

ಚನ್ನಗಿರಿ, ಜೂನ್ 1987

ಕಂಪ್ಯೂಟರಿಗೆ ಕೆಲಸ ಹೇಳುವ ಲಿಸ್ಪ್ ಎಂಬ ಭಾಷೆಯ ಕೈಪಿಡಿ ಬರೆದ ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಆತ್ಮವಿಶ್ವಾಸ ಅದಕ್ಕಿಂತ ಕ್ಷೇಮವೆಂದೂ ನಂಬಿ, ಇಲ್ಲಿನ ಕಾಲೇಜಿನ ಗಣಿತ ಅಧ್ಯಾಪಕನಾದ ನಾನು ಈ ಬಹಿರಂಗ ಪತ್ರವನ್ನು ಸಮರ್ಪಿಸುತ್ತಿದ್ದೇನೆ. ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬರುವ ಮಕ್ಕಳಿಗೆಲ್ಲ ಸೇರಿ ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್. ಊರಿಗೊಂದು ದಿನ ಗೊತ್ತುಮಾಡಿದ್ದೇವೆ. ಉಳಿದ ದಿನಗಳಲ್ಲಿ ಅವರು ತಮ್ಮ ಪುಸ್ತಕವನ್ನೇ ಬಾಯಿಪಾಠ ಮಾಡುತ್ತಾರೆ.

ಚಿಕ್ಕದಾಗಿ ಬರೆದದ್ದನ್ನು ಯಂತ್ರವೇ ವಿಸ್ತರಿಸಿಕೊಳ್ಳುವಂತೆ ಮಾಡುವ ಮ್ಯಾಕ್ರೊ ಎಂಬ ಏರ್ಪಾಡು ಯಂತ್ರದೊಳಗೆ ಎರಡೇ ಅಂಶಗಳ ಪಟ್ಟಿಯಾಗಿರುತ್ತದೆ, ಮೊದಲನೆಯದು ‘ಮ್ಯಾಕ್ರೊ’ ಎಂಬ ಹೆಸರು, ಎರಡನೆಯದು ಅದು ಮಾಡಬೇಕಾದ ಇಡೀ ಕೆಲಸ ಎಂದು ನೂರಾ ಹನ್ನೆರಡನೆಯ ಪುಟದಲ್ಲಿ ತಾವು ಅಪ್ಪಣೆ ಕೊಡಿಸಿದ್ದೀರಿ. ಯಂತ್ರಕ್ಕೆ ಮಾತ್ರ ಆ ಅಪ್ಪಣೆ ತಲುಪಿಲ್ಲ. ಅದು ಕೆಲಸವನ್ನು ಚೀಲ ಕಟ್ಟಿಡದೆ, ಗಾಡಿಗೆ ಅಡಿಕೆ ಸುರಿದಂತೆ ಹೆಸರಿನ ಹಿಂದೆಯೇ ಬಿಡಿಬಿಡಿಯಾಗಿ ಸುರಿದುಕೊಂಡಿದೆ. ಎರಡನೆಯದನ್ನು ಕೊಡಪ್ಪಾ ಎಂದರೆ ಇಡೀ ಕೆಲಸದ ಬದಲು ಅದರ ಮೊದಲ ಪದವೊಂದನ್ನು ಕೈಗಿಡುತ್ತದೆ.

ಇದನ್ನು ಕಂಡುಹಿಡಿದವಳು ಜಗಳೂರಿನಿಂದ ಬಸ್ಸು ಬದಲಿಸಿ ಬರುವ ಸಾವಂತ್ರಮ್ಮ. “ಸಾರ್, ಪುಸ್ತಕದಾಗೆ ಒಂದೈತೆ, ಮಿಷನ್ನಿನಾಗೆ ಇನ್ನೊಂದೈತೆ, ಒಂಚೂರು ನೋಡ್ರಿ” ಎಂದಳು. ಅಚ್ಚಾದ ಪುಸ್ತಕವಿರುವಾಗ ಯಂತ್ರವನ್ನು ನೋಡುವ ದುರಭ್ಯಾಸ ನನಗಿರಲಿಲ್ಲ. ಪರೀಕ್ಷೆಯಲ್ಲಿ ಆಕೆ ಕಂಡದ್ದನ್ನೇ ಬರೆದಳು. ನಾನು ತಮ್ಮ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಹತ್ತಕ್ಕೆ ಸೊನ್ನೆ ಹಾಕಿದೆ. ನಾಲ್ಕು ಅಂಕ ಸಾಲದೆ ಆಕೆ ಫೇಲಾದಳು. ಆಮೇಲಷ್ಟೇ ನಾನು ಯಂತ್ರವನ್ನು ನೋಡಿದೆ, ಆಕೆ ಬರೆದದ್ದೇ ಸರಿಯಾಗಿತ್ತು. ನೋಟೀಸ್ ಬೋರ್ಡಿನ ಪಟ್ಟಿಯಲ್ಲಿ ಆಕೆ ತನ್ನ ಹೆಸರನ್ನು ಮತ್ತೆ ಮತ್ತೆ ಹುಡುಕಿದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ತಪ್ಪು ಪುಸ್ತಕದ್ದೆಂದು ಪುಸ್ತಕದವರೇ ಬರೆದುಕೊಟ್ಟರೆ ಮಾತ್ರ ಅಂಕ ತಿದ್ದಬಹುದು ಎನ್ನುತ್ತಾರೆ ನಮ್ಮ ಪ್ರಿನ್ಸಿಪಾಲ್ ಮಹೇಶ್ವರಪ್ಪನವರು. ತಿಂಗಳ ಕೊನೆಯೊಳಗೆ ತಮ್ಮ ಒಂದು ಸಾಲು ಬರದಿದ್ದರೆ ಆಕೆಗೆ ಒಂದು ವರ್ಷ ಹೋಗುತ್ತದೆ. ಅಷ್ಟು ಸೊಗಸಾದ ವಾಕ್ಯವನ್ನು ತಿದ್ದಲು ತಮಗೆ ಮನಸ್ಸು ಬಾರದಿರುವುದು ಸಹಜ. ಹಾಗಿದ್ದಲ್ಲಿ ದಯಮಾಡಿ ತಮ್ಮ ಪುಸ್ತಕಕ್ಕೆ ಒಪ್ಪುವಂಥ ಯಂತ್ರವೊಂದನ್ನು ತಯಾರಿಸಿ ಲಾರಿಯಲ್ಲಿ ಕಳುಹಿಸಬೇಕು, ಮತ್ತು ಅದು ಕಳೆದ ಏಪ್ರಿಲ್‌ನಲ್ಲಿ ನಡೆದ ಪರೀಕ್ಷೆಗಿಂತ ಮೊದಲೇ ಇಲ್ಲಿಗೆ ತಲುಪುವಂತೆ ವ್ಯವಸ್ಥೆ ಮಾಡಬೇಕು.

ತಮ್ಮ ಪ್ರತಿ ಅಕ್ಷರವನ್ನೂ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಓಂಕಾರಪ್ಪ

ಬರೆಯಲು ಮರೆತದ್ದು: ತಮ್ಮ ಪುಟವನ್ನು ಮೌಲ್ಯಮಾಪನಕ್ಕೆಂದು ಸಾವಂತ್ರಮ್ಮನಿಗೇ ಒಪ್ಪಿಸಿದ್ದೆ. ವಿಷಯ ತಪ್ಪಾದರೂ ಬರವಣಿಗೆ ಅಚ್ಚುಕಟ್ಟಾಗಿದೆಯೆಂದು ತಮಗೆ ಹತ್ತಕ್ಕೆ ಎರಡು ಕೊಟ್ಟಿದ್ದಾಳೆ. ಸರಿಯಾಗಿ ಬರೆದ ಆಕೆಗೆ ನಾನು ಅಷ್ಟನ್ನೂ ಕೊಟ್ಟಿರಲಿಲ್ಲ.